ಮೀನಿನ ತೊಟ್ಟಿ ಪಂಪು, ಮಗುವಿನ ಉಸಿರು

ಅವಧಿಗೆ ಮುಂಚೆ ಹುಟ್ಟಿದ ಮಗು ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಚೀಲಗಳು ಮುದುಡಿಕೊಳ್ಳಬಹುದು. ಅವನ್ನು ತೆರೆದಿಡೋಕೆ ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಸತತವಾಗಿ ಗಾಳಿ ಕೊಡ್ತಾರೆ, ಇದೇ ಸಿಪ್ಯಾಪ್. 2010ರ ದಶಕದ ಆರಂಭದಲ್ಲಿ ಯಂತ್ರಕ್ಕೆ ಸುಮಾರು 6,000 ಡಾಲರ್ ಇತ್ತು. ಮಲಾವಿಯಂಥ ದೇಶದ ಆಸ್ಪತ್ರೆಗೆ ಎಲ್ಲಿ ಸಾಧ್ಯ? ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೀನಿನ ತೊಟ್ಟಿಗೆ ಹಾಕೋ ಪಂಪಿನಿಂದಲೇ ಒಂದು ಮಾದರಿ ಮಾಡಿದ್ರು.

ಒತ್ತಡ ಎಷ್ಟಿರಬೇಕು ಅನ್ನೋದನ್ನ ನಿಯಂತ್ರಿಸೋದು ಹೇಗೆ? ನಾನಾಗಿದ್ರೆ ಸೆನ್ಸರ್, ಡಿಸ್‌ಪ್ಲೇ, ಆಮೇಲೊಂದು ಆ್ಯಪ್ ಅಂತ ಹೊರಡ್ತಿದ್ದೆ. ಇಲ್ಲಿ ಬಳಸಿದ್ದು ಹಳೇ ಉಪಾಯ: ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸೋದು. 6 ಸೆಂಟಿಮೀಟರ್ ಆಳಕ್ಕೆ ಅಷ್ಟೇ ನೀರಿನ ಒತ್ತಡ. ಗುಳ್ಳೆ ನಿಂತ್ರೆ ಎಲ್ಲೋ ಸೋರ್ತಿದೆ ಅಂತ ನರ್ಸ್‌ಗೆ ನೋಡಿದ ಕೂಡಲೇ ಗೊತ್ತಾಗತ್ತೆ.

ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಅಧ್ಯಯನ 2014ರಲ್ಲಿ ಪ್ರಕಟವಾಯ್ತು. ಉಸಿರಾಟದ ತೀವ್ರ ತೊಂದರೆ ಇದ್ದ ನವಜಾತ ಶಿಶುಗಳಲ್ಲಿ ಬರೀ ಆಕ್ಸಿಜನ್ ಪಡೆದವರು ಬದುಕುಳಿದದ್ದು ಶೇ. 44. ಈ ಸಾಧನ ಹಾಕಿದವರು ಶೇ. 71.