ಬಿಪಿ ಜೊತೆ ಮನಸ್ಸನ್ನೂ ಕೇಳಿ

ಚನ್ನಪಟ್ಟಣದ ಕಡೆ ಹಳ್ಳಿ ಆಸ್ಪತ್ರೆಗೆ ಹೋದ್ರೆ ಬಿಪಿ ನೋಡ್ತಾರೆ, ಶುಗರ್ ನೋಡ್ತಾರೆ. ‘ಬದುಕೇ ಬೇಡ ಅನ್ನಿಸ್ತಿದೆಯಾ?’ ಅಂತ ಎಷ್ಟು ಜನ ಕೇಳ್ತಾರೆ?

ಬಿಪಿ, ಶುಗರ್ ಇರೋರಿಗೆ ವರ್ಷಗಟ್ಟಲೆ ಮಾತ್ರೆ, ಖರ್ಚು, ಮನೆಯವರಿಗೆ ಹೊರೆಯಾದೆ ಅನ್ನೋ ಕೊರಗು. ಇದಕ್ಕೆ ಖಿನ್ನತೆಯೂ ಸೇರಿದ್ರೆ ಆತ್ಮಹತ್ಯೆಯ ಅಪಾಯ ಹೆಚ್ಚುತ್ತೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ‘ಹೋಪ್’ ಅಧ್ಯಯನ ಮಾಡಿದ್ದು ಚನ್ನಪಟ್ಟಣ ಸೇರಿದ್ದ ಆಗಿನ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ. ಬಿಪಿ, ಶುಗರ್ ಇರೋರ ಖಿನ್ನತೆಗೂ ಅಲ್ಲೇ ಚಿಕಿತ್ಸೆ ಕೊಡೋ ಪ್ರಯತ್ನ ಅದು.

ಸಾವಿನ ಯೋಚನೆ ಬರ್ತಿದೆಯಾ ಅಂತ ಕೇಳಿದ್ರೆ ಆ ಯೋಚನೆ ಹುಟ್ಟಿಕೊಳ್ಳಲ್ಲ. ಹೇಳ್ಕೊಳ್ಳೋಕೆ ದಾರಿ ಸಿಗುತ್ತೆ. ಅಂಥ ಯೋಚನೆ ಬಂದ್ರೆ ಡಾಕ್ಟರಿಗೆ, ಆಶಾ ಕಾರ್ಯಕರ್ತೆಗೆ ಹೇಳಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಕೂಡ ಇದೆ, ನಂಬರ್ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ನಂಬರ್ ಸೇವ್ ಮಾಡ್ಕೊಳ್ಳಿ.