ಹಳೆಯ ಪೀಠೋಪಕರಣಗಳಿಂದ ವಾಶ್ ಬೇಸಿನ್ ಕ್ಯಾಬಿನೆಟ್: ಮರ, ನೀರು ಮತ್ತು ಲೆಕ್ಕಾಚಾರ

ಹಳೆಯ ಮನೆಗಳು ನೆಲಸಮವಾಗಿ ಬಹುಮಹಡಿ ಕಟ್ಟಡಗಳು ಏಳುತ್ತಿರುವ ನಗರಗಳಲ್ಲಿ ತೇಗ, ಬೀಟೆ, ಹಲಸಿನ ಮೇಜುಗಳು ಮತ್ತು ಕಪಾಟುಗಳು ಗುಜರಿ ವರ್ತಕರ ಕೈ ಸೇರುತ್ತಿವೆ. ಬೆಂಗಳೂರಿನ ಶಿವಾಜಿನಗರ, ಮುಂಬಯಿಯ ಜೋಗೇಶ್ವರಿ-ಓಶಿವಾರಾ, ತಮಿಳುನಾಡಿನ ಕಾರೈಕುಡಿ ಮುಂತಾದೆಡೆ ಇಂತಹ ಸಾಮಗ್ರಿಗೆ ನಿಗದಿತ ಮಾರುಕಟ್ಟೆಯೇ ಇದೆ. ಇವುಗಳನ್ನು ಕೇವಲ ದುರಸ್ತಿ ಮಾಡಿ ಮಾರುವುದಕ್ಕಿಂತ, ವಾಶ್ ಬೇಸಿನ್ ಅಳವಡಿಸಿದ ಕ್ಯಾಬಿನೆಟ್ ಆಗಿ ಮಾರ್ಪಡಿಸಿ ಮಾರುವುದು ಕಿರು ಮರಗೆಲಸ ಘಟಕಗಳಿಗೆ ಒಂದು ಪ್ರತ್ಯೇಕ ಕಸುಬಾಗಬಲ್ಲದು. ಹೋಂಸ್ಟೇ, ಉಪಾಹಾರಗೃಹ ಹಾಗೂ ಒಳಾಂಗಣ ವಿನ್ಯಾಸಕಾರರು ಇದರ ಸಹಜ ಗ್ರಾಹಕರು.

ಈ ಕಲ್ಪನೆ ಹೊಸದಲ್ಲ. ನಲ್ಲಿ ನೀರು ಮನೆಯೊಳಗೆ ಬರುವ ಮುನ್ನ, 19ನೇ ಶತಮಾನದ ಯುರೋಪಿನ ಮನೆಗಳ ಮಲಗುವ ಕೋಣೆಯಲ್ಲಿ ಅಮೃತಶಿಲೆಯ ಹಾಸಿದ್ದ ಮರದ ಮೇಜಿನ ಮೇಲೆ ನೀರಿನ ಹೂಜಿ ಮತ್ತು ಬೋಗುಣಿಯನ್ನು ಇಡುತ್ತಿದ್ದರು. ಇಂದು ‘ವ್ಯಾನಿಟಿ’ ಎಂದು ಕರೆಯಲಾಗುವ ಬೇಸಿನ್ ಕ್ಯಾಬಿನೆಟ್ ಆ ಮೇಜಿನ ಮುಂದುವರಿದ ರೂಪ. ಆದರೆ ಅಂದಿನ ಮೇಜಿಗೆ ಕೊಳವೆಯಾಗಲಿ, ಕೊಳಾಯಿಯಾಗಲಿ ಇರಲಿಲ್ಲ. ಇಂದಿನ ತೊಂದರೆಗಳೆಲ್ಲವೂ ಅಲ್ಲಿಂದಲೇ ಆರಂಭವಾಗುತ್ತವೆ. ಗ್ರಾಹಕನು ಮರದ ಅಂದಕ್ಕೆ ಬೆಲೆ ಕೊಡುತ್ತಾನೆ. ದೂರು ಹೊತ್ತು ಮರಳಿ ಬರುವುದು ಮಾತ್ರ ನೀರಿನ ಕಾರಣಕ್ಕೆ. ಆದುದರಿಂದ ಈ ವ್ಯವಹಾರದ ಲಾಭ-ನಷ್ಟ ನಿರ್ಧಾರವಾಗುವುದು ಕೆತ್ತನೆಯಿಂದಲ್ಲ, ನೀರನ್ನು ನಿಭಾಯಿಸುವ ಕ್ರಮದಿಂದ.

ಆಯ್ಕೆಯ ನಿಯಮಗಳು

ಗಟ್ಟಿಮರದ ವಸ್ತುವನ್ನಷ್ಟೇ ಈ ಕೆಲಸಕ್ಕೆ ಆರಿಸಿಕೊಳ್ಳಬೇಕು. ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಹಲಗೆಯ ಪೀಠೋಪಕರಣ ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳುವುದು ತರವಲ್ಲ. ಸಾಮಾನ್ಯ ದರ್ಜೆಯ ಇಂತಹ ಹಲಗೆ ಒಮ್ಮೆ ನೀರು ಹೀರಿ ಉಬ್ಬಿದರೆ ಒಣಗಿದ ಮೇಲೂ ಮೊದಲಿನ ಗಾತ್ರಕ್ಕೆ ಮರಳದು. ಕಾಲುಗಳ ತಳ, ಹಿಂಬದಿಯ ಹಲಗೆ ಮತ್ತು ಡ್ರಾಯರಿನ ತಳವನ್ನು ಪರೀಕ್ಷಿಸದೆ ಬೆಲೆ ಮಾತನಾಡಬಾರದು. ಸಣ್ಣ ರಂಧ್ರಗಳಿಂದ ಹಿಟ್ಟಿನಂತಹ ನಯವಾದ ಪುಡಿ ಉದುರುತ್ತಿದ್ದರೆ ಕೊರೆಹುಳ ಇನ್ನೂ ಜೀವಂತವಾಗಿರುವ ಸಾಧ್ಯತೆಯಿದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ಉಪಚರಿಸಬಹುದಾದರೂ ಅದು ನೀರಿನಲ್ಲಿ ತೊಳೆದು ಹೋಗುವಂಥದ್ದು. ಉಪಚಾರದ ಬಳಿಕ ಮರವನ್ನು ಚೆನ್ನಾಗಿ ಒಣಗಿಸಿ ಲೇಪನ ಕೊಡುವುದು ಕಡ್ಡಾಯ.

ಎರಕದ ಕಬ್ಬಿಣದ ಹಳೆಯ ಹೊಲಿಗೆ ಯಂತ್ರದ ಸ್ಟ್ಯಾಂಡು ಉತ್ತಮ ಆಧಾರವಾಗಬಲ್ಲದು. ಅದರ ಕಾಲುಗಳು ನೆಲದ ನೀರನ್ನು ಹೀರುವುದಿಲ್ಲ. ತುಕ್ಕು ತೆಗೆದು ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಬಣ್ಣ ಬಳಿದು, ತುಳಿಯುವ ಪಾದವನ್ನು ಅಲುಗಾಡದಂತೆ ಬಿಗಿದರೆ ಸಾಕು.

ವಸ್ತುವಿನಷ್ಟೇ ಅದನ್ನು ಇಡುವ ಸ್ಥಳವೂ ಮುಖ್ಯ. ನಮ್ಮ ಬಹುತೇಕ ಬಚ್ಚಲುಮನೆಗಳಲ್ಲಿ ಸ್ನಾನದ ನೀರು ಇಡೀ ನೆಲದ ಮೇಲೆ ಹರಿಯುತ್ತದೆ. ಅಂತಹ ಕಡೆ ಮರದ ಕ್ಯಾಬಿನೆಟ್ ಒಪ್ಪಿಸುವುದು ದೂರನ್ನು ಆಹ್ವಾನಿಸಿದಂತೆ. ಊಟದ ಕೋಣೆಯ ಕೈತೊಳೆಯುವ ಜಾಗ, ಅತಿಥಿಗಳ ಶೌಚಾಲಯ, ಗಾಜಿನ ತಡೆಯಿಂದ ಸ್ನಾನದ ಭಾಗವನ್ನು ಬೇರ್ಪಡಿಸಿದ ಬಚ್ಚಲು ಇವೇ ಇದಕ್ಕೆ ಸೂಕ್ತವಾದ ಸ್ಥಳಗಳು. ಆರ್ಡರ್ ಸ್ವೀಕರಿಸುವ ಮೊದಲು ಸ್ಥಳವನ್ನು ನೋಡಿಬರುವುದು ಕ್ಷೇಮ.

ಅಳತೆ ಮತ್ತು ಭಾರ

ಮನೆಬಳಕೆಯಲ್ಲಿ ಬೇಸಿನ್ನಿನ ಅಂಚು ನೆಲದಿಂದ ಸುಮಾರು 800ರಿಂದ 850 ಮಿ.ಮೀ. ಎತ್ತರದಲ್ಲಿದ್ದರೆ ಅನುಕೂಲ. ಬರೆಯುವ ಮೇಜಿನ ಎತ್ತರ ಸಾಮಾನ್ಯವಾಗಿ 750 ಮಿ.ಮೀ. ಇರುತ್ತದೆ. ಅದರ ಮೇಲೆ 130 ಮಿ.ಮೀ. ಎತ್ತರದ ಬೇಸಿನ್ ಕೂರಿಸಿದರೆ ಒಟ್ಟು 880 ಮಿ.ಮೀ. ಆಗಿ, ಮಕ್ಕಳಿಗೂ ವೃದ್ಧರಿಗೂ ಎತ್ತರ ಹೆಚ್ಚೆನಿಸುತ್ತದೆ. ಕಾಲಿನ ತಳದಲ್ಲಿ 50 ಮಿ.ಮೀ. ಕತ್ತರಿಸಿದರೆ ಎತ್ತರವೂ ಸರಿಹೋಗುತ್ತದೆ, ನೀರು ಕುಡಿದು ಸಡಿಲಗೊಂಡ ತುದಿಯೂ ತೊಲಗುತ್ತದೆ. ಕಾಲಿನ ಬುಡದಲ್ಲಿ ಕೆತ್ತನೆಯಿದ್ದರೆ ಮಾತ್ರ ಕತ್ತರಿಸುವ ಬದಲು ತಗ್ಗಾದ ಬೇಸಿನ್ ಆರಿಸುವುದು ಲೇಸು.

ಮೇಲ್ಮೈಗೆ ಗ್ರಾನೈಟ್ ಹಾಸುವವರು ತೂಕವನ್ನು ಲೆಕ್ಕ ಹಾಕಬೇಕು. 20 ಮಿ.ಮೀ. ದಪ್ಪದ ಗ್ರಾನೈಟ್ ಪ್ರತಿ ಚದರ ಮೀಟರಿಗೆ ಸುಮಾರು 54 ಕಿ.ಗ್ರಾಂ. ತೂಗುತ್ತದೆ. 1.2 ಮೀಟರ್ ಉದ್ದ, 0.55 ಮೀಟರ್ ಅಗಲದ ಹಾಸೆಂದರೆ ಸುಮಾರು 36 ಕಿ.ಗ್ರಾಂ. ಬೇಸಿನ್, ನೀರು ಮತ್ತು ಅದರ ಮೇಲೆ ಕೈಯೂರಿ ನಿಲ್ಲುವವರ ಭಾರ ಇದಕ್ಕೆ ಸೇರುತ್ತದೆ. ಹಳೆಯ ಕೀಲುಗಳನ್ನು ಬಿಚ್ಚಿ ಮರುಅಂಟಿಸಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಹಿಂಬದಿಯನ್ನು ಗೋಡೆಗೆ ಬಿಗಿಯಬೇಕು.

ನಿಂತ ನೀರೇ ಶತ್ರು

ಮರವು ನೀರು ತಾಗಿದ ಮಾತ್ರಕ್ಕೆ ಕೆಡುವುದಿಲ್ಲ. ನೀರು ನಿಂತರೆ ಕೆಡುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರ ಬೆಳೆಯಲು ಮರದ ತೇವಾಂಶ ಸುಮಾರು ಶೇ. 20ನ್ನು ಮೀರಬೇಕು. ಒದ್ದೆಯಾದ ಮರಕ್ಕೆ ಬೇಗ ಒಣಗುವ ಅವಕಾಶವಿದ್ದರೆ ಆ ಮಟ್ಟ ಬಹುಕಾಲ ಉಳಿಯದು. ರಚನೆಯ ಪ್ರತಿಯೊಂದು ತೀರ್ಮಾನವೂ ಈ ಒಂದು ತತ್ವವನ್ನು ಅನುಸರಿಸಬೇಕು.

ಮೊದಲನೆಯದಾಗಿ, ಮೇಲ್ಮೈಯ ಮೇಲೆ ಕೂರುವ ಟೇಬಲ್-ಟಾಪ್ ಬೇಸಿನ್ ಸೂಕ್ತ. ಅದಕ್ಕೆ 32 ಮಿ.ಮೀ. ವೇಸ್ಟ್ ಕಪ್ಲಿಂಗ್ ಇಳಿಯುವಷ್ಟು, ಅಂದರೆ ಸುಮಾರು 45 ಮಿ.ಮೀ. ರಂಧ್ರ ಸಾಕು. ಮೇಲ್ಮೈಯ ಕೆಳಗೆ ಕೂರುವ ಬೇಸಿನ್ನಿಗೆ ದೊಡ್ಡ ಭಾಗವನ್ನೇ ಕತ್ತರಿಸಬೇಕಾಗುತ್ತದೆ ಮತ್ತು ಕತ್ತರಿಸಿದ ಮರದಂಚು ಸದಾ ನೀರಿಗೆ ಒಡ್ಡಿಕೊಂಡಿರುತ್ತದೆ. ನಲ್ಲಿಯನ್ನು ಗೋಡೆಯಲ್ಲೇ ಅಳವಡಿಸಿದರೆ ಮತ್ತೊಂದು ರಂಧ್ರ ತಪ್ಪುತ್ತದೆ. ನಲ್ಲಿಯ ಬುಡದಲ್ಲಿ ನೀರು ನಿಲ್ಲುವುದೂ ತಪ್ಪುತ್ತದೆ.

ಎರಡನೆಯದಾಗಿ, ಮರದ ಅಡ್ಡಕೊಯ್ತದ ತುದಿಯು ಪಕ್ಕದ ಮೈಗಿಂತ ಬಹಳ ವೇಗವಾಗಿ ನೀರು ಹೀರುತ್ತದೆ. ರಂಧ್ರದ ಒಳಮೈ, ಹಲಗೆಯ ತುದಿ ಮತ್ತು ಕಾಲಿನ ತಳ ಇವುಗಳಿಗೆ ಎಪಾಕ್ಸಿ ಅಥವಾ ಪಿಯು ಲೇಪನವನ್ನು ಎರಡು ಮೂರು ಬಾರಿ ಕೊಡಬೇಕು. ಕಾಲುಗಳ ಅಡಿಯಲ್ಲಿ ನೈಲಾನ್ ಬುಷ್ ಅಥವಾ ಕಲ್ಲಿನ ತುಂಡು ಇಟ್ಟು ಮರವನ್ನು ನೆಲದಿಂದ ಎತ್ತಬೇಕು.

ಮೂರನೆಯದಾಗಿ, ಹಿಂಬದಿಯ ಹಳೆಯ ತೆಳು ಹಲಗೆಯನ್ನು ತೆಗೆದು ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಹಾಕುವುದು ಉತ್ತಮ. ಅದರಲ್ಲಿ ಗಾಳಿಯಾಡಲು ಕಿಂಡಿ ಬಿಡಬೇಕು. ಬಾಟಲ್ ಟ್ರ್ಯಾಪ್ ಇರುವ ಜಾಗದಲ್ಲಿ ಮೇಲಿನ ಡ್ರಾಯರನ್ನು ಇಂಗ್ಲಿಷ್ ‘ಯು’ ಆಕಾರದಲ್ಲಿ ಕತ್ತರಿಸಬಹುದು ಅಥವಾ ಅದರ ಮುಖಫಲಕವನ್ನಷ್ಟೇ ಉಳಿಸಿಕೊಳ್ಳಬಹುದು. ಆ್ಯಂಗಲ್ ಕಾಕ್ ಮತ್ತು ಟ್ರ್ಯಾಪ್ ಎರಡೂ ಕೈಗೆಟುಕುವಂತಿರಬೇಕು. ಸೋರಿಕೆ ಬೇಗ ಕಣ್ಣಿಗೆ ಬಿದ್ದರೆ ಅದು ಪ್ಲಂಬರನ ಕೆಲಸ. ತಡವಾಗಿ ಕಂಡರೆ ಇಡೀ ಕ್ಯಾಬಿನೆಟ್ಟಿನ ನಷ್ಟ.

ಮರ ಹಿಗ್ಗುವುದು ಮತ್ತು ಕುಗ್ಗುವುದು ಅಗಲದಲ್ಲಿ; ಉದ್ದದಲ್ಲಿ ಅದು ಗಣನೀಯವಲ್ಲ. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಸಿದ್ಧವಾದ ವಸ್ತು ಬೇಸಗೆಯ ಕಲಬುರಗಿಯಲ್ಲಿ ಕೆಲವು ಮಿ.ಮೀ. ಕುಗ್ಗಬಲ್ಲದು. ಗ್ರಾನೈಟ್ ಹಾಸನ್ನು ಮರಕ್ಕೆ ಪೂರ್ತಿಯಾಗಿ ಅಂಟಿಸದೆ, ಅಲ್ಲಲ್ಲಿ ಸಿಲಿಕಾನ್ ಚುಕ್ಕೆಗಳ ಮೇಲೆ ಕೂರಿಸಿದರೆ ಮರಕ್ಕೆ ಚಲಿಸುವ ಅವಕಾಶ ಸಿಗುತ್ತದೆ.

ಹಳೆಯ ಲೇಪನ ಮತ್ತು ಕೆಲಸಗಾರರ ಆರೋಗ್ಯ

ಹಳೆಯ ಪೀಠೋಪಕರಣಗಳ ಫ್ರೆಂಚ್ ಪಾಲಿಶ್ ಅರಗಿನಿಂದ ತಯಾರಾದದ್ದು. ನೀರು ನಿಂತರೆ ಅದು ಬಿಳಿಚಿಕೊಳ್ಳುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮರೆಯಾದ ಜಾಗದಲ್ಲಿ ಉಜ್ಜಿದಾಗ ಲೇಪನ ಮೆತ್ತಗಾದರೆ ಅದು ಅರಗಿನ ಪಾಲಿಶ್ ಎಂದು ತಿಳಿಯಬಹುದು. ಅದನ್ನೂ ಮೇಣವನ್ನೂ ಪೂರ್ತಿ ತೆಗೆಯದೆ ಪಿಯು ಪಾಲಿಶ್ ಹಚ್ಚಿದರೆ ಹೊಸ ಪದರ ಸಿಪ್ಪೆಯೇಳುವ ಸಂಭವವಿದೆ.

ಬಣ್ಣ ಬಳಿದ ವಸ್ತುವಿನಲ್ಲಿ ಇನ್ನೂ ಗಂಭೀರವಾದ ಅಪಾಯವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸಿದ ಕೇಂದ್ರ ಸರ್ಕಾರದ ನಿಯಮಗಳು 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಿ ಕೆಲಸ ಮಾಡಬೇಕು. ಒಣ ಬಣ್ಣವನ್ನು ಯಂತ್ರದಿಂದ ಉಜ್ಜಿದರೆ ಏಳುವ ದೂಳು ಕೆಲಸಗಾರರ ದೇಹ ಸೇರುತ್ತದೆ. ಬಟ್ಟೆಗೆ ಅಂಟಿ ಅವರ ಮನೆಯ ಮಕ್ಕಳಿಗೂ ತಲುಪುತ್ತದೆ. ಪೇಂಟ್ ರಿಮೂವರ್ ಬಳಸುವುದು ಅಥವಾ ಒದ್ದೆ ಮಾಡಿ ಉಜ್ಜುವುದು, ತಕ್ಕ ಮುಖಗವಸು, ಊಟಕ್ಕೆ ಮುನ್ನ ಕೈತೊಳೆಯುವ ಶಿಸ್ತು ಮತ್ತು ಕೆಲಸಕ್ಕೆ ಬೇರೆ ಬಟ್ಟೆ ಇವನ್ನು ಮಾಲೀಕರೇ ಖಾತರಿಪಡಿಸಬೇಕು.

ಕಾಯಿದೆ ಮತ್ತು ತೆರಿಗೆ

1972ರ ಪುರಾತನ ವಸ್ತುಗಳು ಹಾಗೂ ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ಕಲಾಕೃತಿ ಮತ್ತು ಕರಕುಶಲ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಸಂದೇಹವಿರುವ ಕೆತ್ತನೆಯ ವಸ್ತುವಿಗೆ ಗರಗಸ ಹಾಕುವ ಮುನ್ನ ತಜ್ಞರ ಅಭಿಪ್ರಾಯ ಪಡೆಯಬೇಕು. ಕತ್ತರಿಸಿದ ಮರುಗಳಿಗೆಯಲ್ಲೇ ಅದರ ಹೆಚ್ಚಿನ ಬೆಲೆ ಹೋಗಿಬಿಡಬಹುದು. ಬೀಟೆಯನ್ನೊಳಗೊಂಡ ಡಾಲ್ಬರ್ಜಿಯಾ ಕುಲವು 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಬೀಟೆಯ ಸಾಮಗ್ರಿಯನ್ನು ವಿದೇಶಕ್ಕೆ ಕಳುಹಿಸುವವರು ಅದರ ದಾಖಲೆಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ವರ್ತಕರು ಎಡವುವ ಒಂದು ಅಂಶವಿದೆ. ಸಿಜಿಎಸ್‌ಟಿ ನಿಯಮ 32(5)ರಂತೆ, ಬಳಸಿದ ವಸ್ತುವನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರಿದರೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ. ಮೇಜಿಗೆ ಪಾಲಿಶ್ ಮಾಡಿ ಮೇಜಾಗಿಯೇ ಮಾರಿದರೆ ಈ ಸೌಲಭ್ಯ ದೊರೆಯುತ್ತದೆ. ಆದರೆ ಅದೇ ಮೇಜನ್ನು ಕೊರೆದು ಬೇಸಿನ್ ಕ್ಯಾಬಿನೆಟ್ ಮಾಡಿದಾಗ ಸ್ವರೂಪ ಬದಲಾಗಿಲ್ಲವೆಂದು ವಾದಿಸುವುದು ಕಷ್ಟ. ಮರದ ಪೀಠೋಪಕರಣಗಳ ದರ 2017ರ ನವೆಂಬರ್‌ನಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಉದಾಹರಣೆಗೆ, ರೂ. 8,000ಕ್ಕೆ ಕೊಂಡದ್ದನ್ನು ತೆರಿಗೆ ಹೊರತುಪಡಿಸಿ ರೂ. 30,000ಕ್ಕೆ ಮಾರಿದರೆ, ಶೇ. 18ರ ದರದಲ್ಲಿ ವ್ಯತ್ಯಾಸದ ಮೇಲಿನ ತೆರಿಗೆ ರೂ. 3,960, ಪೂರ್ಣ ಬೆಲೆಯ ಮೇಲಿನ ತೆರಿಗೆ ರೂ. 5,400. ರೂ. 1,440ರ ಈ ಅಂತರವನ್ನು ಬೆಲೆ ಹೇಳುವಾಗಲೇ ಗಣಿಸಬೇಕು. ಪೂರ್ಣ ತೆರಿಗೆ ಕಟ್ಟುವ ಸಾಮಾನ್ಯ ನೋಂದಾಯಿತ ತಯಾರಕರು ಬೇಸಿನ್, ಪ್ಲೈವುಡ್ ಮುಂತಾದವುಗಳ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಲು ಅರ್ಹರು. ಆಯಾ ಘಟಕದ ಸ್ಥಿತಿಗನುಗುಣವಾಗಿ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಸೂಕ್ತ.

ಬೆಲೆ ಮತ್ತು ಭರವಸೆ

ಖರೀದಿ, ಸಾಗಣೆ, ಕೂಲಿ, ಲೇಪನ, ಬೇಸಿನ್ ಸಾಮಗ್ರಿ ಇವುಗಳ ಜೊತೆಗೆ ಎರಡು ಬಾಬ್ತುಗಳನ್ನು ಬೆಲೆಯಲ್ಲಿ ಸೇರಿಸಲೇಬೇಕು. ಒಂದು, ಕೊಂಡ ಮೇಲೆ ಕೆಲಸಕ್ಕೆ ಬಾರದೆಂದು ತಿಳಿದುಬರುವ ವಸ್ತುಗಳ ನಷ್ಟ. ಇನ್ನೊಂದು, ಅಳವಡಿಸಿದ ಮೇಲೆ ಗ್ರಾಹಕರ ಮನೆಗೆ ಕನಿಷ್ಠ ಒಂದು ಮರುಭೇಟಿಯ ವೆಚ್ಚ. ಒಪ್ಪಿಸುವ ದಿನ ಬೇಸಿನ್ನನ್ನು ತುಂಬಿಸಿ ಒಮ್ಮೆಲೇ ಖಾಲಿ ಮಾಡಿ, ಪ್ರತಿ ಕೀಲಿನ ಕೆಳಗೆ ಒಣ ಕಾಗದವಿಟ್ಟು ಸೋರಿಕೆಯನ್ನು ಗ್ರಾಹಕರ ಎದುರಿನಲ್ಲೇ ಪರೀಕ್ಷಿಸಬೇಕು. ಚೆಲ್ಲಿದ ನೀರನ್ನು ಒರೆಸುವುದು, ಆಮ್ಲಯುಕ್ತ ಕ್ಲೀನರ್ ಬಳಸದಿರುವುದು, ವರ್ಷಕ್ಕೊಮ್ಮೆ ಸಿಲಿಕಾನ್ ಅಂಚನ್ನು ನೋಡುವುದು ಇತ್ಯಾದಿ ಸೂಚನೆಗಳನ್ನೂ, ಭರವಸೆ ಯಾವುದಕ್ಕೆ ಅನ್ವಯಿಸುತ್ತದೆ ಯಾವುದಕ್ಕೆ ಇಲ್ಲ ಎಂಬುದನ್ನೂ ಬಿಲ್ಲಿನೊಡನೆ ಕನ್ನಡದಲ್ಲಿ ಬರೆದುಕೊಡಬೇಕು.

ಮರಗೆಲಸದಲ್ಲಿ ತರಬೇತಿ ಬಯಸುವ ಘಟಕಗಳು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು. ಹೊಸದಾಗಿ ಆರಂಭಿಸುವವರು ಏಕಕಾಲಕ್ಕೆ ಹತ್ತಾರು ವಸ್ತುಗಳನ್ನು ಕೊಂಡು ಬಂಡವಾಳ ಕಟ್ಟಿಹಾಕುವ ಬದಲು ಎರಡು ಮೂರು ಕ್ಯಾಬಿನೆಟ್ ಮಾಡಿ, ಅವು ಒಂದು ಮಳೆಗಾಲ ಹಾಗೂ ಒಂದು ಬೇಸಗೆಯನ್ನು ಹೇಗೆ ಕಳೆದವೆಂದು ನೋಡಿ, ಆ ಬಳಿಕ ಉತ್ಪಾದನೆಯನ್ನು ವಿಸ್ತರಿಸುವುದು ವಿವೇಕದ ಮಾರ್ಗ.