ಅಬ್ಬಕ್ಕನ ಊರು, ಅಳಿವೆಯ ಊರು

1623ರ ಕೊನೆಯ ದಿನಗಳಲ್ಲಿ ರೋಮ್ ನಗರದ ಪ್ರವಾಸಿಯೊಬ್ಬ ಉಳ್ಳಾಲದ ರಾಣಿಯನ್ನು ನೋಡಲೆಂದು ಬಂದ. ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಪೋರ್ಚುಗೀಸ್ ರಾಯಭಾರಿಯ ಜತೆ ಇಕ್ಕೇರಿಗೆ ಹೋಗಿ, ವೆಂಕಟಪ್ಪ ನಾಯಕನ ಆಸ್ಥಾನ ಕಂಡು, ಘಟ್ಟ ಇಳಿದು ಮಂಗಳೂರು ಸೇರಿದ್ದ. ರಾಣಿ ಉಳ್ಳಾಲದಲ್ಲಿ ಇರಲಿಲ್ಲ. ಮಾನೆಲ್ ಎಂದು ಅವನು ಬರೆದುಕೊಂಡ ಊರಿನಲ್ಲಿದ್ದಾಳೆಂದು ತಿಳಿದು ಅಲ್ಲಿಗೇ ಹೋದ. ದಾರಿಯಲ್ಲೇ ಎದುರಾದಳು. ನಲವತ್ತರ ಆಸುಪಾಸಿನ, ಕಪ್ಪು ಬಣ್ಣದ, ತುಂಬು ಮೈಯ ಹೆಂಗಸು. ಬರಿಗಾಲು, ಸಾದಾ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ನಡೆದುಕೊಂಡೇ ಹೊರಟಿದ್ದಳು. ನಿಂತು ಈ ಪರದೇಶಿಯನ್ನು ಮಾತಾಡಿಸಿದಳು, ಅವನು ತಿರುಗಿದ ದೇಶಗಳ ಬಗ್ಗೆ ಕೇಳಿದಳು. ಆ ಹೊತ್ತಿಗೆ ಪೋರ್ಚುಗಲ್ಲನ್ನೂ ಆಳುತ್ತಿದ್ದವನು ಸ್ಪೇನಿನ ದೊರೆ. ಅಂಥ ದೊರೆಯ ಸೈನ್ಯಕ್ಕೆ ಮಣ್ಣು ಮುಕ್ಕಿಸಿದವಳು ಇವಳೇ ಎಂದು ಆತ ಮನಸ್ಸಿನಲ್ಲೇ ಬೆರಗಾದ.

ತೊಕ್ಕೊಟ್ಟಿನ ಹತ್ತಿರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಉಳ್ಳಾಲದ ರಾಣಿ ಅಬ್ಬಕ್ಕನ ಚಿತ್ರ ಬರೆಯಿರಿ ಎಂದರೆ ಮಕ್ಕಳು ಪ್ರತಿವರ್ಷವೂ ಬರೆಯುತ್ತಿದ್ದುದು ಕತ್ತಿ ಹಿಡಿದು ಕುದುರೆ ಏರಿದ ರಾಣಿಯನ್ನು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗದ್ದೆಗೆ ನೀರು ತರಲು ಬರಿಗಾಲಲ್ಲಿ ಹೊರಟ ರಾಣಿಯನ್ನೂ ಅವರು ಬರೆಯಬೇಕು ಎಂಬುದು ನನ್ನ ಆಸೆಯಾಗಿತ್ತು. ಉಳ್ಳಾಲದ ಚರಿತ್ರೆ ಒಂದು ರಾತ್ರಿಯ ಯುದ್ಧದಲ್ಲಿ ಮುಗಿಯುವಂಥದ್ದಲ್ಲ. ಅದು ನದಿ, ಕಡಲು, ಹೊಯಿಗೆ ಈ ಮೂರರ ನಡುವೆ ಜನ ಹೇಗೆ ಬದುಕು ಕಟ್ಟಿಕೊಂಡರು ಎಂಬುದರ ಚರಿತ್ರೆ.

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ನೇತ್ರಾವತಿ ಸೇತುವೆ ದಾಟಿದರೆ ತೊಕ್ಕೊಟ್ಟು. ಅಲ್ಲಿ ಬಲಕ್ಕೆ, ಪಡುವಣಕ್ಕೆ ತಿರುಗಿದರೆ ಉಳ್ಳಾಲ ಪೇಟೆ. ಇನ್ನೂ ಮುಂದೆ ಹೋದರೆ ಮೊಗವೀರಪಟ್ಣದ ಕಡಲತೀರ. ಉತ್ತರಕ್ಕೆ ಕೋಟೆಪುರ. ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಹೊಯಿಗೆಯ ಪಟ್ಟಿ. ಆ ಪಟ್ಟಿಯ ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುತ್ತವೆ. ಅದೇ ಅಳಿವೆ ಬಾಗಿಲು. ಆಚೆ ದಡದಲ್ಲಿ ಬೆಂಗ್ರೆ. ಈ ಬಾಗಿಲನ್ನು ಕಾಯುವವನ ಕೈಯಲ್ಲಿ ಮಂಗಳೂರಿನ ಬಂದರು ಇರುತ್ತಿತ್ತು. ಪೋರ್ಚುಗೀಸರಿಗೆ ಉಳ್ಳಾಲ ಬೇಕಾಗಿದ್ದು ಇದಕ್ಕಾಗಿ.

ಇಲ್ಲಿ ಆಳಿದವರು ಚೌಟರು. ಜೈನ ಅರಸರು, ಅಳಿಯಸಂತಾನದವರು. ಅಂದರೆ ಆಸ್ತಿಯೂ ಪಟ್ಟವೂ ಮಗನಿಗಲ್ಲ, ಸೋದರಿಯ ಮಕ್ಕಳಿಗೆ. ಹೆಣ್ಣು ಪಟ್ಟಕ್ಕೇರುವುದು ಈ ಪದ್ಧತಿಯಲ್ಲಿ ಅಚ್ಚರಿಯ ಸಂಗತಿ ಆಗಿರಲಿಲ್ಲ. ಪುತ್ತಿಗೆ, ಮೂಡುಬಿದಿರೆ, ಉಳ್ಳಾಲ ಇವು ಚೌಟರ ನೆಲೆಗಳು. ಅವರ ಮೂಡುಬಿದಿರೆಯ ಅರಮನೆಯ ಕೆತ್ತನೆಯ ಕಂಬಗಳನ್ನು ಇಂದಿಗೂ ನೋಡಬಹುದು. ಉಳ್ಳಾಲದಲ್ಲಿ ಹಾಗೆ ಕಣ್ಣಿಗೆ ತುಂಬುವ ಅರಮನೆ ಉಳಿದಿಲ್ಲ, ಕೋಟೆ ಊರಿನ ಹೆಸರಿನಲ್ಲಷ್ಟೇ ಇದೆ. ಉಳಿದಿರುವುದು ಸೋಮೇಶ್ವರದ ಸೋಮನಾಥ ದೇವಸ್ಥಾನ, ಕಡಲಿಗೆ ಮುಖ ಮಾಡಿದ ಬಂಡೆಯ ಮೇಲೆ. ಜೈನರಾದ ಚೌಟರು ಆರಾಧಿಸುತ್ತಿದ್ದುದು ಈ ಶಿವನನ್ನು. ಕೆಳಗೆ ರುದ್ರಶಿಲೆ ಎಂದು ಕರೆಯುವ ಬಂಡೆಗಳಿಗೆ ಅಲೆ ಅಪ್ಪಳಿಸುತ್ತಲೇ ಇರುತ್ತದೆ. ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರು ಹಲವರು. ಬರುವವರು ದಯವಿಟ್ಟು ಎಚ್ಚರಿಕೆ ಫಲಕವನ್ನು ಓದಬೇಕು.

ಅಬ್ಬಕ್ಕನ ಕತೆ ಎಲ್ಲರಿಗೂ ಸ್ವಲ್ಪ ಗೊತ್ತು. ಸೋದರಮಾವ ತಿರುಮಲರಾಯ ಪಟ್ಟ ಕಟ್ಟಿದ್ದು, ಮಂಗಳೂರಿನ ಬಂಗರಸನೊಡನೆ ಮದುವೆಯಾಗಿ ಮುರಿದದ್ದು, ಕಪ್ಪ ಕೊಡಲು ಒಪ್ಪದೆ ಕಾಳುಮೆಣಸು, ಅಕ್ಕಿ ತುಂಬಿದ ಹಡಗುಗಳನ್ನು ಕಲ್ಲಿಕೋಟೆಯ ಕಡೆ ಕಳಿಸಿದ್ದು. ಪೋರ್ಚುಗೀಸರ ಪರವಾನಗಿ ಚೀಟಿ ಇಲ್ಲದೆ ಕಡಲಲ್ಲಿ ಹಡಗು ಓಡಿಸಬಾರದೆಂಬ ಕಾಲ ಅದು. 1567-68ರಲ್ಲಿ ಗೋವೆಯ ವೈಸ್‌ರಾಯ್ ಅಂತಾವೊ ದ ನೊರೊನ್ಯ ತಾನೇ ದಂಡೆತ್ತಿ ಬಂದು ಮಂಗಳೂರಿನಲ್ಲಿ ಸೇಂಟ್ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿಸಿದ. ಉಳ್ಳಾಲಕ್ಕೆ ಶತ್ರು ನುಗ್ಗಿದ ರಾತ್ರಿ ರಾಣಿ ಮಸೀದಿಯಲ್ಲಿ ಆಶ್ರಯ ಪಡೆದಳು, ಬೆಳಗಾಗುವ ಮೊದಲೇ ಜನ ಸೇರಿಸಿ ತಿರುಗಿ ಬಿದ್ದಳು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮೊಗವೀರರು, ಬ್ಯಾರಿಗಳು, ಬಂಟರು, ಜೈನರು ಒಟ್ಟಿಗೆ ಹೋರಾಡಿದರು ಎಂಬ ಮಾತೂ ಆ ಕತೆಯ ಜತೆಗೇ ಬರುತ್ತದೆ. ಮಲಬಾರಿನ ಜೈನುದ್ದೀನ್ ಮಖ್ದೂಮರ ಅರಬ್ಬಿ ಗ್ರಂಥ ‘ತುಹ್ಫತುಲ್ ಮುಜಾಹಿದೀನ್’ನಲ್ಲಿ ಕುಟ್ಟಿ ಪೋಕರ್ ಎಂಬ ನಾವಿಕ ವೀರ ಮಂಗಳೂರಿನ ಈ ಕೋಟೆಗೆ ರಾತ್ರಿ ದಾಳಿ ಮಾಡಿ, ಹಿಂತಿರುಗುವಾಗ ಮಡಿದ ವಿವರವಿದೆ. ಕಲ್ಲಿಕೋಟೆಗೂ ಉಳ್ಳಾಲಕ್ಕೂ ಇದ್ದ ನಂಟು ಬರೀ ವ್ಯಾಪಾರದ್ದಾಗಿರಲಿಲ್ಲ.

ಒಂದು ಮಾತು ಸ್ಪಷ್ಟಪಡಿಸಬೇಕು. 1550ರ ದಶಕದಲ್ಲೇ ಪೋರ್ಚುಗೀಸರನ್ನು ಎದುರಿಸಿದ ರಾಣಿ 1623ರಲ್ಲಿ ನಲವತ್ತರ ಹೆಂಗಸಾಗಿ ಕಾಣಲು ಸಾಧ್ಯವಿಲ್ಲ. ದೆಲ್ಲಾ ವಾಲೆ ಕಂಡವಳು ಮುಂದಿನ ತಲೆಮಾರಿನ ಅಬ್ಬಕ್ಕದೇವಿ. ಗಂಡನಾಗಿದ್ದ ಬಂಗರಸ ಪೋರ್ಚುಗೀಸರನ್ನು ಕರೆದಾಗ ಇವಳು ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದು ಗೆದ್ದಳು. ಜನರ ನೆನಪು ಇಬ್ಬರನ್ನೂ, ಬಹುಶಃ ಇನ್ನೂ ಹೆಚ್ಚು ರಾಣಿಯರನ್ನು, ಒಬ್ಬಳಾಗಿ ಮಾಡಿಕೊಂಡಿದೆ. ಇದರಿಂದ ಅಬ್ಬಕ್ಕನ ಹಿರಿಮೆ ಕಡಿಮೆಯಾಗುತ್ತದೆಂದು ಕೆಲವರು ಬೇಸರಪಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಒಬ್ಬಳ ಎದೆಗಾರಿಕೆಗಿಂತ, ಮುಕ್ಕಾಲು ಶತಮಾನ ಒಂದು ಮನೆತನದ ಹೆಂಗಸರು ಜಗತ್ತಿನ ದೊಡ್ಡ ನೌಕಾಪಡೆಗೆ ತಲೆಬಾಗದೆ ನಿಂತರು ಎಂಬುದು ಇನ್ನೂ ದೊಡ್ಡ ಸಂಗತಿ. 2012ರಲ್ಲಿ ಕರಾವಳಿ ರಕ್ಷಣಾ ಪಡೆ ತನ್ನ ಹಡಗಿಗೆ ರಾಣಿ ಅಬ್ಬಕ್ಕನ ಹೆಸರಿಟ್ಟಾಗ ನಮ್ಮ ಶಾಲೆಯ ಮೊಗವೀರ ಮಕ್ಕಳು ತಮ್ಮ ಮನೆಯವಳಿಗೇ ಆ ಗೌರವ ಸಂದಂತೆ ಹಿಗ್ಗಿದ್ದರು. ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ. ಆ ಕಾಲದ ಜನ ಉಂಡ, ಉಳುಮೆ ಮಾಡಿದ, ಅಳೆದು ತೂಗಿದ ಬಗೆ ಪಾಠಪುಸ್ತಕಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಉಳ್ಳಾಲವೆಂದರೆ ದೂರದೂರಿನ ಅನೇಕರಿಗೆ ಮೊದಲು ನೆನಪಾಗುವುದು ದರ್ಗಾ. ಸೈಯದ್ ಮುಹಮ್ಮದ್ ಶರೀಫುಲ್ ಮದನಿಯವರು ಶತಮಾನಗಳ ಹಿಂದೆ ಮದೀನಾದಿಂದ, ಕಡಲ ಮೇಲೆ ಚಾದರ ಹಾಸಿ ತೇಲಿಬಂದರು ಎಂಬುದು ನಂಬಿಕೆ. ಐದು ವರ್ಷಕ್ಕೊಮ್ಮೆ ನಡೆಯುವ ಉರೂಸಿಗೆ ಕೇರಳದಿಂದಲೂ ಜನ ಬರುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂಗಳು, ಕ್ರೈಸ್ತರು ಎಷ್ಟಿರುತ್ತಾರೆ ಎಂಬುದನ್ನು ಸರದಿಯಲ್ಲಿ ನಿಂತು ನೋಡಿದವರೇ ಬಲ್ಲರು. ಚೀರುಂಭ ಭಗವತಿಯ ಕ್ಷೇತ್ರ ಇರುವುದೂ ಇದೇ ಊರಿನಲ್ಲಿ. ತೊಕ್ಕೊಟ್ಟಿನ ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ಟಿಯನ್ನರ ಚರ್ಚು, ಅಂದು ಶತ್ರುವಿನ ಕೋಟೆಗೆ ಇಟ್ಟಿದ್ದ ಸಂತನ ಹೆಸರೇ ಇಂದು ನಮ್ಮ ನೆರೆಮನೆಯವರ ಹಬ್ಬದ ಹೆಸರು. ನನ್ನ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಓದುತ್ತಿದ್ದರು. ಬ್ಯಾರಿ ಮನೆಯಿಂದ ಬಂದು ಕನ್ನಡದಲ್ಲಿ ಕವಿತೆ ಬರೆದು, ಈ ಕ್ಷೇತ್ರದ ಶಾಸಕರೂ ಆಗಿದ್ದ ಬಿ.ಎಂ. ಇದಿನಬ್ಬ ಇಂಥ ಬೆಂಚುಗಳ ಹಿರಿಯ. ತುಳು ಜಾನಪದವನ್ನೂ ಯಕ್ಷಗಾನವನ್ನೂ ಬೆಳಗಿಸಿದ ಅಮೃತ ಸೋಮೇಶ್ವರರು 2024ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಬದುಕಿದ್ದು ಪಕ್ಕದ ಸೋಮೇಶ್ವರದಲ್ಲೇ. ಊರಿನಲ್ಲಿ ಕಹಿ ದಿನಗಳೂ ಬಂದಿವೆ, ಗಲಭೆಯಿಂದ ಶಾಲೆ ಮುಚ್ಚಿದ ದಿನಗಳು ನನಗೆ ನೆನಪಿವೆ. ಬಾಗಿಲು ತೆರೆದ ದಿನ ಅದೇ ಮಕ್ಕಳು ಅದೇ ಬೆಂಚಿಗೆ ಬಂದು ಕೂತದ್ದೂ ನೆನಪಿದೆ.

1907ರಲ್ಲಿ ಮದರಾಸಿನ ಕಡೆಯಿಂದ ರೈಲು ನೇತ್ರಾವತಿ ದಾಟಿ ಮಂಗಳೂರು ಮುಟ್ಟಿತು. ಉಳ್ಳಾಲ ಆಗ ಒಂದು ಪುಟ್ಟ ನಿಲ್ದಾಣ. ರಸ್ತೆ ಸೇತುವೆ ಬರುವ ತನಕ ಪೇಟೆಗೆ ಹೋಗುವವರಿಗೆ ಕಡವಿನ ದೋಣಿಯೇ ಗತಿ. ಆಚೆ ದಡದ ಜೆಪ್ಪುವಿನಲ್ಲಿ 1865ರಲ್ಲೇ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದರು. ನದಿಯಂಚಿನ ಆವೆಮಣ್ಣಿನಿಂದಾದ ಆ ಕೆಂಪು ಹೆಂಚು ಈ ದಡದ ಹಳೆಯ ಮನೆಗಳ ಮೇಲೆ ಈಗಲೂ ಇದೆ. ಹೆಸರಿನ ಮೊದಲಿಗೇ ಉಳ್ಳಾಲವನ್ನು ಇಟ್ಟುಕೊಂಡಿದ್ದ ಸಂಸದ ಯು. ಶ್ರೀನಿವಾಸ ಮಲ್ಯರು ವಿಮಾನ ನಿಲ್ದಾಣ, ಬಂದರು, ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎಂದು ಮಂಗಳೂರಿನ ಮುಖವನ್ನೇ ಬದಲಿಸಿದರು. ಸೇತುವೆಯಾದ ಮೇಲೆ ಉಳ್ಳಾಲ ಮಂಗಳೂರಿನ ಉಪನಗರವಾಯಿತು. ಕೊಣಾಜೆಯಲ್ಲಿ ವಿಶ್ವವಿದ್ಯಾಲಯ, ದೇರಳಕಟ್ಟೆಯಲ್ಲಿ ಸಾಲು ಸಾಲು ಮೆಡಿಕಲ್ ಕಾಲೇಜು, ತೊಕ್ಕೊಟ್ಟಿನಲ್ಲಿ ಫ್ಲೈಓವರ್. ಈಗ ಉಳ್ಳಾಲ ತಾಲ್ಲೂಕು ಕೇಂದ್ರ.

ಗೇರುಬೀಜದ ಮಾತನ್ನು ಬಿಡುವಂತಿಲ್ಲ. ಬ್ರೆಜಿಲಿನ ಆ ಮರವನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅವರ ಕೋಟೆಗಳು ಹೋದವು, ಗೇರು ಉಳಿಯಿತು. ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ಉಳ್ಳಾಲ-1, ಉಳ್ಳಾಲ-3 ಮುಂತಾದ ತಳಿಗಳು ಕರಾವಳಿಯ ಗುಡ್ಡಗಳಲ್ಲಿ ರೈತರ ಕೈಹಿಡಿದಿವೆ.

ಇನ್ನು ನನ್ನನ್ನು ಕಾಡುವ ವಿಷಯ. ಉಳ್ಳಾಲದ ಪರಂಪರೆಯ ಮುಖ್ಯ ಭಾಗ ಇರುವುದು ಕಡಲಂಚಿನಲ್ಲಿ, ಆ ಅಂಚೇ ಕರಗುತ್ತಿದೆ. ಮೊಗವೀರಪಟ್ಣ, ಮುಕ್ಕಚ್ಚೇರಿ, ಕೈಕೋ, ಕಿಲೇರಿಯಾ ನಗರ, ದಕ್ಷಿಣಕ್ಕೆ ಉಚ್ಚಿಲದ ಬಟ್ಟಪಾಡಿ. ಮಳೆಗಾಲ ಬಂತೆಂದರೆ ಈ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ, ಮಳೆ ನಿಂತರೆ ಮಾಯವಾಗುತ್ತವೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ತೀರಕ್ಕೆ ಹೋಗಿದ್ದಾಗ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಅಲೆ ಮುರಿಯುವ ಜಾಗಕ್ಕೆ ಕೈತೋರಿಸಿ, “ಟೀಚರೇ, ನಮ್ಮ ಅಜ್ಜನ ಮನೆಯ ಬಾವಿ ಅಲ್ಲಿತ್ತು. ಸಿಹಿನೀರು. ಅದರಾಚೆ ರಂಪಣಿ ಬಲೆ ಒಣಗಿಸುವ ಅಂಗಳ” ಎಂದರು. ಮಕ್ಕಳಲ್ಲಿ ಒಬ್ಬಳು, “ಅಜ್ಜಾ, ಮತ್ತೆ ನೀವು ಯಾಕೆ ದೂರ ಹೋಗಲಿಲ್ಲ?” ಎಂದು ಕೇಳಿದಳು. “ದೋಣಿ ಇಲ್ಲಿ, ನಾನು ಎಲ್ಲಿಗೆ ಹೋಗುವುದು ಮಗಾ?” ಎಂದರು.

ಕಡಲ್ಕೊರೆತ ದೇವರ ಮುನಿಸು ಎನ್ನುವವರಿದ್ದಾರೆ. ಕಾರಣ ಹುಡುಕಿದರೆ ಸಿಗುತ್ತದೆ. ಮಳೆಗಾಲದ ಅಲೆ ತೀರದ ಹೊಯಿಗೆಯನ್ನು ಒಳಗೆಳೆದುಕೊಳ್ಳುತ್ತದೆ, ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ಮರಳಿ ತಂದು ಹಾಕುತ್ತವೆ. ನದಿಯೂ ವರ್ಷವರ್ಷ ಹೊಸ ಹೊಯಿಗೆ ತರುತ್ತದೆ. ಈ ಕೊಡುಕೊಳ್ಳುವಿಕೆಗೆ ನಾವು ಅಡ್ಡ ಬಂದೆವು. ದೋಣಿಗಳು ಸುರಕ್ಷಿತವಾಗಿ ಬರಲೆಂದು 1990ರ ದಶಕದಲ್ಲಿ ಅಳಿವೆ ಬಾಗಿಲಿನ ಎರಡೂ ಬದಿಗೆ ಕಲ್ಲಿನ ಅಲೆತಡೆ ಕಟ್ಟಿದರು. ಮೀನುಗಾರರಿಗೆ ಅದು ಬೇಕಿತ್ತು, ಅಳಿವೆಯಲ್ಲಿ ದೋಣಿ ಮಗುಚಿ ಸತ್ತವರ ಮನೆಗಳು ಇಲ್ಲಿ ಬೇಕಾದಷ್ಟಿವೆ. ಆದರೆ ತೀರದುದ್ದಕ್ಕೂ ಸರಿಯುವ ಹೊಯಿಗೆಯ ದಾರಿಗೆ ಅದು ತಡೆಯಾಯಿತು. ನದಿಯಲ್ಲಿ ಅಣೆಕಟ್ಟು, ಮರಳುಗಾರಿಕೆ ಬೇರೆ. ಕೊರೆತ ಕಂಡಲ್ಲಿ ಬಂಡೆ ಸುರಿದರೆ ಆ ಜಾಗ ಒಂದೆರಡು ಮಳೆಗಾಲ ಉಳಿಯುತ್ತದೆ, ಪಕ್ಕದ ತೀರ ಹೋಗುತ್ತದೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ಮರಳು ತುಂಬಿದ ದೊಡ್ಡ ಚೀಲಗಳ ದಿಬ್ಬ ಮಾಡಿ ಅಲೆಯ ಬಿರುಸು ತಗ್ಗಿಸುವ ಕೆಲಸವೂ ಉಳ್ಳಾಲದಲ್ಲಿ ನಡೆಯಿತು. ಕೆಲವು ಕಡೆ ತೀರಕ್ಕೆ ನೆಮ್ಮದಿ ಸಿಕ್ಕಿದೆ, ಸೋಮೇಶ್ವರ ಉಚ್ಚಿಲದ ಕಡೆ ಕೊರೆತ ಮುಂದುವರಿದಿದೆ. ನದಿ, ಅಳಿವೆ, ತೀರ ಈ ಮೂರನ್ನೂ ಒಂದೇ ಎಂದು ನೋಡದೆ, ಮನೆ ಬಿದ್ದಲ್ಲಿ ಕಲ್ಲು ಹಾಕುವ ಲೆಕ್ಕಾಚಾರದಿಂದ ಈ ಸಮಸ್ಯೆ ತೀರುವುದಿಲ್ಲ. ಇಷ್ಟು ವರ್ಷ ಇಲ್ಲಿ ಬದುಕಿ, ನೋಡಿ ನಾನು ತಲುಪಿದ ತೀರ್ಮಾನ ಇದು.

ಅಬ್ಬಕ್ಕನ ಉತ್ಸವ ವರ್ಷವರ್ಷ ನಡೆಯುತ್ತದೆ, ನಡೆಯಲಿ. ಅದರ ಜತೆಗೆ ಆಗಬೇಕಾದ ಕೆಲಸ ಇನ್ನೊಂದಿದೆ. ಕೋಟೆಪುರದಿಂದ ಉಚ್ಚಿಲದವರೆಗೆ ಕಡಲು ನುಂಗಿದ ಮನೆ, ಬಾವಿ, ಕಡವು, ಬಲೆಯ ಅಂಗಳ, ದೈವದ ಕಟ್ಟೆ, ಗೋರಿ ಎಲ್ಲೆಲ್ಲಿದ್ದವು ಎಂದು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಬಾಯಿಂದ ಕೇಳಿ ನಕಾಶೆಯಲ್ಲಿ ಗುರುತು ಮಾಡಲು ದೊಡ್ಡ ಹಣ ಬೇಕಿಲ್ಲ. ಊರಿನ ಶಾಲೆಗಳ ಮೇಷ್ಟ್ರುಗಳಲ್ಲಿ, ಕೊಣಾಜೆಯ ವಿಶ್ವವಿದ್ಯಾಲಯದವರಲ್ಲಿ, ನಗರಸಭೆಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಈ ಮಳೆಗಾಲ ಮುಗಿದ ಕೂಡಲೇ ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಆ ಹಿರಿಯರ ಮನೆಗಳಿಗೆ ಕಳಿಸಿ, ಅವರು ಬರೆದು ತಂದದ್ದನ್ನು ಜೋಪಾನವಾಗಿ ಇಡಿ.